ಏಳು ಮೊಳ ನಾಲ್ಕು ಬೆರಳು

ಆ ಸಂತೆಯ ದಿನ ನಾನು ಮಾಡಿದ ಕೆಲಸಗಳು ಇಷ್ಟು. ಕೋಳಿ ಕೂಗುವ ಹೊತ್ತಿಗೆ ಎದ್ದು ಬಾಗಿಲಿಗೆ ಸಗಣಿ ನೀರು ಹಾಕಿ ರಂಗೋಲಿ ಎಳೆದೆ. ಕೊಟ್ಟಿಗೆ ಬಾಚಿ ಹಸುವಿಗೆ ಹುಲ್ಲು ಹಾಕಿದೆ. ಬಾವಿಯಿಂದ ಹನ್ನೆರಡು ಕೊಡ ನೀರು ಸೇದಿದೆ. ಅದರಲ್ಲಿ ನಾಲ್ಕು ಹಾವಿಗೆ ಹೋಯಿತು. ಅತ್ತೆಯ ಮೊಣಕಾಲಿಗೆ ಹರಳೆಣ್ಣೆ ತಿಕ್ಕಿದೆ. ಮಾವನಿಗೂ ನಮ್ಮ ಮನೆಯವರಿಗೂ ಗಂಜಿ ಕೊಟ್ಟೆ. ಹೊತ್ತು ಮಾರುದ್ದ ಏರುವಷ್ಟರಲ್ಲಿ ರಾಟೆಯ ಮುಂದೆ ಕೂತು ಇಪ್ಪತ್ತು ಕಂಡಿಕೆ ರೇಷ್ಮೆ ಸುತ್ತಿದೆ. ಮಗ್ಗದ ಮೇಲೆ ಹರಿದಿದ್ದ ಮೂರು ಎಳೆ ಹುಡುಕಿ ಗಂಟು ಹಾಕಿದೆ. ಮಧ್ಯಾಹ್ನ, ಹಾವಿನ ಪೊರೆಯೊಂದನ್ನು ನೀರಲ್ಲಿ ನೆನೆಸಿ, ಸಂತೆಗೆ ಬಂದ ಜನರ ಮುಂದೆ ಅದರ ಬಾಲದ ತುದಿ ಹಿಡಿದುಕೊಂಡು ನಿಂತೆ. ಈ ಕಡೆಯ ಕೆಲಸವನ್ನು ಅದಕ್ಕೆ ಮೊದಲು ಮಾಡಿರಲಿಲ್ಲ, ಆಮೇಲೂ ಮಾಡಿಲ್ಲ.

ನಮ್ಮ ಮನೆ ಇದ್ದದ್ದು ಕೊಳ್ಳೇಗಾಲದ ನೇಕಾರರ ಬೀದಿಯ ಕೊನೆಯಲ್ಲಿ. ಹಿತ್ತಲ ಬೇಲಿ ದಾಟಿದರೆ ಖಾಲಿ ಬಯಲು. ಆಗಿನ್ನೂ ನಮ್ಮೂರು ಮದ್ರಾಸಿಗೆ ಸೇರಿತ್ತು, ಯಳಂದೂರು ಮೈಸೂರಿಗೆ. ರಾಗಿ ಕಣ ಮುಗಿದ ಕಾಲದಲ್ಲಿ ಮೈಸೂರು ಕಡೆಯಿಂದ, ಯಳಂದೂರಿನ ಮೇಲೆ ಹಾದು, ಪ್ರಾಣಿಗಳನ್ನು ತೋರಿಸುವ ಒಂದು ತಂಡ ಬಂದು ಆ ಬಯಲಲ್ಲಿ ಡೇರೆ ಹಾಕಿತು. ಆರು ಗಾಡಿ. ಒಂದು ಮುದಿ ಕರಡಿ, ಒಂದು ಒಂಟೆ, ನಾಲ್ಕೈದು ಮಂಗ, ಮತ್ತೆ ಒಂದು ತಗಡಿನ ತೊಟ್ಟಿಯಲ್ಲಿ ಆ ಹಾವು. ಸಮುದ್ರದಾಚೆಯ ದೇಶದ್ದಂತೆ, ನೀರಲ್ಲೇ ಇರುವಂಥದ್ದಂತೆ. ಅದರ ಹೆಸರು ಅನಕೊಂಡ ಎಂದು ತಂಡದವರು ಹೇಳುತ್ತಿದ್ದರು. ನಮ್ಮ ಬೀದಿಯವರು ‘ಹಡಗಿನ ಹಾವು’ ಎಂದೇ ಕರೆದರು.

ನೀರಲ್ಲಿರುವ ಹಾವಿಗೆ ನೀರು ಬೇಕಲ್ಲ. ಬಯಲಿಗೆ ಹತ್ತಿರವಿದ್ದ ಸಿಹಿನೀರಿನ ಬಾವಿ ನಮ್ಮ ಹಿತ್ತಲಿನದು. ಹಾಗಾಗಿ ಅದನ್ನು ನೋಡಿಕೊಳ್ಳುವ ಮುದುಕ ಬೆಳಿಗ್ಗೆ ಎರಡು ಕೊಡ, ಸಂಜೆ ಎರಡು ಕೊಡ ಎಂದು ನಮ್ಮಲ್ಲಿಗೆ ಬರತೊಡಗಿದ. ಅರವತ್ತರ ಹತ್ತಿರದ ವಯಸ್ಸು, ಕೋಲಿನಂಥ ಮೈ, ಕೈಬೆರಳುಗಳು ಮಾತ್ರ ದಪ್ಪ. ರಾಮಾಪುರದ ಕಡೆಯವನೇ. ಪ್ರಾಯದಲ್ಲಿ ತಂಡದ ಹಿಂದೆ ಊರು ಬಿಟ್ಟವನು ಮತ್ತೆ ಈ ಸೀಮೆಗೆ ಬಂದದ್ದು ಆಗಲೇ. ನಾನು ತಾತ ಅನ್ನುತ್ತಿದ್ದೆ. ನಮ್ಮತ್ತೆ ಮೊದಲ ದಿನವೇ ನನ್ನ ಕಡೆ ಕೈ ತೋರಿಸಿ ಕಟ್ಟಳೆ ಹೇಳಿಬಿಟ್ಟರು:

“ನಮ್ಮ ಬಾವಿ ಅಗ್ಗ ಮುಟ್ಬೇಡ. ಅಮ್ಮಣ್ಣಿ ಸೇದಾಕ್ತದೆ, ನೀನು ಒತ್ಕಂಡೋಗು. ಆವು ಮುಟ್ಟಿದ ಕೈಯಲ್ಲಿ ಅಗ್ಗ ಮುಟ್ಟುದ್ರೆ ನಾನು ಈ ನೀರ ಕುಡಿಯಾಕಿಲ್ಲ.”

“ಆಗ್ಲಿ ಕಣವ್ವ. ಅದೂ ಅಂಗೇಯ, ಬ್ಯಾರೇವ್ರು ಮುಟ್ಟುದ್ರೆ ಉಣ್ಣಾಕಿಲ್ಲ,” ಅಂದ ತಾತ. ಅತ್ತೆಗೆ ನಗು ಬಂದರೂ ಮುಖ ತಿರುಗಿಸಿಕೊಂಡು ಒಳಗೆ ಹೋದರು.

ಹಾವನ್ನು ನೋಡಲು ನಾನು ಎರಡನೆಯ ದಿನ ಹೋದೆ. ತೊಟ್ಟಿಯ ನೀರಲ್ಲಿ ಮುಳುಗಿ ಮೂಗಿನ ತುದಿ, ಕಣ್ಣು ಮಾತ್ರ ಮೇಲಿಟ್ಟುಕೊಂಡು ಮಲಗಿತ್ತು. ಮೂಗೂ ಕಣ್ಣೂ ತಲೆಯ ನೆತ್ತಿಯಲ್ಲೇ ಇದ್ದವು, ಯಾರೋ ಯೋಚನೆ ಮಾಡಿ ಅಲ್ಲಿಟ್ಟ ಹಾಗೆ. ಕೆರೆಯ ಪಾಚಿಗೆ ಸ್ವಲ್ಪ ಮಣ್ಣು ಕಲೆಸಿದಂಥ ಬಣ್ಣ. ಅದರ ಮೇಲೆ ಉದ್ದಕ್ಕೂ ದುಂಡನೆಯ ಕಪ್ಪು ಬೊಟ್ಟುಗಳು, ಪಕ್ಕೆಗಳಲ್ಲಿ ಹಳದಿ. ನಾನು ಹುಟ್ಟಿದಂದಿನಿಂದ ಸೀರೆಗಳ ನಡುವೆ ಬೆಳೆದವಳು. ಹಸಿರಿನ ಮೇಲೆ ಕಪ್ಪು ಬುಟ್ಟಾ ಅಷ್ಟು ಚೆನ್ನಾಗಿ ಕೂತದ್ದನ್ನು ಯಾವ ಮಗ್ಗದ ಮೇಲೂ ಕಂಡಿರಲಿಲ್ಲ. ಮಾವನಿಗೆ ಹೋಗಿ ಹೇಳಿದೆ. ಅವರು ಅವತ್ತು ಸಂಜೆ ಹೋದರು. ಆಮೇಲೆ ದಿನವೂ ಸಂಜೆ ಲಾಳಿ ಕೆಳಗಿಟ್ಟ ಮೇಲೆ ಹೋಗಿ ತೊಟ್ಟಿಯ ಅಂಚಿನಲ್ಲಿ ಕೂತುಬಿಡುತ್ತಿದ್ದರು. ತಾತನೂ ಅವರೂ ಹೆಚ್ಚು ಮಾತಾಡುತ್ತಿರಲಿಲ್ಲ. ಇಬ್ಬರೂ ಹಾವನ್ನು ನೋಡುತ್ತಿದ್ದರು, ಹಾವು ಇವರನ್ನು ನೋಡುತ್ತಿತ್ತು.

ಮಾವನ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಬೀದಿಯಲ್ಲಿ ಯಾರ ಮಗ್ಗದಿಂದ ಸೀರೆ ಇಳಿದರೂ ಅಳೆಯುವುದು ಮಾವನ ಕೋಲಿನಲ್ಲೇ. ಹುಣಸೆ ಮರದ ಆ ಕೋಲು ಅವರ ತಂದೆಯದು, ಸರಿಯಾಗಿ ಒಂದು ಮೊಳ. ಎಣ್ಣೆ ಕುಡಿದು ಕಪ್ಪಾಗಿತ್ತು. ಒಬ್ಬರ ಮೊಳ ಉದ್ದ, ಒಬ್ಬರ ಮೊಳ ಗಿಡ್ಡ ಎಂದು ಜಗಳವಾದಾಗ ಎರಡೂ ಕಡೆಯವರು ನಮ್ಮ ಜಗಲಿಗೆ ಬರುತ್ತಿದ್ದರು. ಮಾವ ಅಳೆದು ಒಂದು ಮಾತು ಹೇಳಿದರೆ ಮತ್ತೆ ಎರಡನೆಯ ಮಾತಿರಲಿಲ್ಲ.

ತಂಡ ಬಂದು ಎಂಟ್ಹತ್ತು ದಿನವಾದ ಮೇಲೆ ಹಾವಿನ ಕಣ್ಣು ಬೂದಿ ಬಣ್ಣಕ್ಕೆ ತಿರುಗಿತು. ಪೊರೆ ಬಿಡುತ್ತದೆ ಅಂದ ತಾತ. ನಾಲ್ಕು ದಿನ ಕಳೆದು ಬೆಳಿಗ್ಗೆ ನೋಡಿದರೆ ತುಟಿಯಿಂದ ಬಾಲದ ತುದಿಯವರೆಗೆ ಎಲ್ಲೂ ಹರಿಯದ ಒಂದೇ ಪೊರೆ ನೀರಲ್ಲಿ ತೇಲುತ್ತಿತ್ತು. ತಾತ ಅದನ್ನು ನಮ್ಮ ಹಿತ್ತಲಿಗೆ ತಂದು, ಒಗೆಯುವ ಕಲ್ಲಿನ ಮೇಲೆ ಹಾಕಿ, “ಒಸಿ ನೆಳ್ಳಲ್ಲಿ ಒಣಗ್ಲಿ ಕಣವ್ವ, ನಾನು ಧನಗೆರೆಗೆ ಓಗಿ ಇವನಿಗೆ ಎರಡು ಕೋಳಿ ತತ್ತೀನಿ. ಪೊರೆ ಬುಟ್ಟ ಮ್ಯಾಲೆ ಅಸ್ಕಂಡಿರ್ತಾನೆ,” ಎಂದು ಹೇಳಿ ಹೋದ.

ಅವನು ಹೋದ ಮೇಲೆ ಮಾವ ಹಿತ್ತಲಿಗೆ ಬಂದರು. ಪೊರೆಯನ್ನು ಕಂಡರು. ಅದನ್ನು ಕೈಯಲ್ಲಿ ಹಿಡಿದು, ಬಿಸಿಲಿಗೆ ಎತ್ತಿ, ಒಂದೊಂದು ಚಿಪ್ಪಿನ ಅಚ್ಚನ್ನೂ ನೋಡಿದರು. “ಯಾವ ಮಗ್ಗದೋನು ನೇದದ್ದೋ!” ಅಂದರು. ಆಮೇಲೆ ನಮ್ಮ ಮನೆಯವರನ್ನು ಕರೆದು ತಲೆಯ ಕಡೆ ಹಿಡಿಸಿ, ತಾವು ಬಾಲದ ಕಡೆ ಹಿಡಿದು ಬೀದಿಗೆ ಬಂದರು.

ಬೀದಿಯಲ್ಲಿ ಅವತ್ತು ಹಾಸು ಹಾಕಲೆಂದು ಕತ್ತರಿಗೂಟಗಳನ್ನು ನೆಟ್ಟಿದ್ದೆವು. ರೇಷ್ಮೆಯ ಉದ್ದೆಳೆಗಳನ್ನು ಅದರ ಮೇಲೆ ಚಾಚಿ, ಬಿಗಿದು, ಗಂಜಿ ಬಳಿಯುವುದು ನಮ್ಮ ಪದ್ಧತಿ. ಮಾವ ಪೊರೆಯನ್ನೂ ಅದೇ ಗೂಟಗಳ ಮೇಲೆ ಚಾಚಿದರು. ಚಾಚಿ, ಅಭ್ಯಾಸಬಲದಿಂದ ಎಳೆದರು. ನೇಕಾರನ ಕೈಗೆ ಸಡಿಲವಾಗಿರುವುದು ಯಾವುದೂ ಅಳತೆಗೆ ಸಿಕ್ಕುವುದಿಲ್ಲ. ಬಿಗಿದರೇ ಅದು ಉದ್ದ, ಇಲ್ಲದಿದ್ದರೆ ಬರೀ ರಾಶಿ. ಒದ್ದೆ ಪೊರೆ ಮಾತಾಡದೆ ಅವರ ಕೈಯ ಹಿಂದೆ ಬಂದಿತು. ಮಾವ ಕೋಲಿಟ್ಟು ಎಣಿಸಿದರು.

“ಒಂಬತ್ತು ಮೊಳ, ಮ್ಯಾಲೊಂದು ಗೇಣು,” ಅಂದರು. “ಸೆಳೆತಕ್ಕೆ ಆ ಗೇಣ ಬುಟ್ಬುಡಿ. ಒಂಬತ್ತು.”

ಮಗ್ಗದ ಮೇಲೆ ಬಿಗಿದ ಸೀರೆ ಇಳಿಸಿದ ಮೇಲೆ ಸ್ವಲ್ಪ ಕುಗ್ಗುತ್ತದೆ. ಆ ಕುಗ್ಗಿಗೆ ಎಷ್ಟು ಬಿಡಬೇಕೆಂಬುದು ನಮ್ಮ ಬೀದಿಯ ಎಲ್ಲರಿಗೂ ಗೊತ್ತು. ಮಾವ ರೇಷ್ಮೆಗೆ ಬಿಡುವ ಲೆಕ್ಕವನ್ನು ಹಾವಿಗೂ ಬಿಟ್ಟರು. ಅಲ್ಲಿ ನಿಂತಿದ್ದ ನಮಗೆ ಯಾರಿಗೂ ಅದು ತಪ್ಪು ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ.

ತಂಡದ ಯಜಮಾನ ಆಗ ಅದೇ ದಾರಿಯಲ್ಲಿ ಬಂದ. ಇಸ್ತ್ರಿ ಹಾಕಿದ ಜುಬ್ಬ, ತೆಳ್ಳನೆಯ ಮೀಸೆ. ಮಾವನ ಬಾಯಿಂದ ಒಂಬತ್ತು ಎಂಬುದನ್ನು ಕೇಳಿದ್ದೇ ತಡ, “ಆಯ್ತಲ್ಲ! ಪಟ್ಟೆ ಸೀರೆ ಅಳೆಯೋ ಕೋಲು ಹೇಳಿದ್ಮೇಲೆ ಇನ್ಯಾರು ಕೇಳ್ತಾರೆ?” ಎಂದು ಕೈ ತಟ್ಟಿದ. ಮಧ್ಯಾಹ್ನದೊಳಗೆ ಡೇರೆಯ ಮುಂದಿನ ಹಲಗೆಯ ಮೇಲೆ ‘ಒಂಬತ್ತು ಮೊಳದ ಹಡಗಿನ ಹಾವು’ ಎಂದು ಬಣ್ಣದಲ್ಲಿ ಬರೆಸಿದ. ಹನೂರಿಗೆ ಒಬ್ಬ, ಯಳಂದೂರಿಗೆ ಒಬ್ಬ ತಮಟೆಯವನನ್ನು ಕಳಿಸಿ, ಮುಂದಿನ ಸಂತೆಯ ದಿನ ಎಲ್ಲರೆದುರು ಅಳೆದು ತೋರಿಸುತ್ತೇವೆ ಎಂದು ಸಾರಿಸಿದ.

ಸಂಜೆ ತಾತ ನೀರಿಗೆ ಬಂದವನು ಕೊಡ ಕೆಳಗಿಟ್ಟ.

“ಅವ್ವ, ಇದ್ಯಾನವ್ವ ಆ ಹಲಗೆ? ಒಂಬತ್ತು ಅಂತ ಬರ್ದವ್ರಂತಲ್ಲ?”

“ನಮ್ಮಾವ ಅಳೆದ್ರು ತಾತ. ಪೊರೆನ.”

“ಪೊರೆನಾ?” ತಾತ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟ. “ಪೊರೆ ಎಳದಂಗೆ ಬತ್ತದ ಕಣವ್ವ. ಒಂದೊಂದು ಚಿಪ್ಪಿನ ನಡುವೆ ಮಡಿಕೆ ಇರ್ತದ, ಬುಡುಸ್ಕಂಡು ಓಯ್ತದ. ಅವನು ಏಳೇಯ. ಏಳರ ಮ್ಯಾಲೆ ನಾಕು ಬೆರಳು.”

ಸೊಂಟದ ಚೀಲದಿಂದ ಒಂದು ನೂಲಿನ ಹುರಿ ತೆಗೆದ. ಮಾಸಿ ಕಪ್ಪಾಗಿತ್ತು. ವರ್ಷಕ್ಕೊಮ್ಮೆ, ದೀಪಾವಳಿಯ ಮಾರನೆಯ ದಿನ, ಹಾವನ್ನು ಗೋಡೆಯ ಬುಡದಲ್ಲಿ ಬಿಟ್ಟು, ಅದು ತಾನಾಗಿ ನೆಟ್ಟಗೆ ಹರಿಯುವಾಗ ಅಳೆದು ಒಂದು ಗಂಟು ಹಾಕುತ್ತಿದ್ದನಂತೆ. ಹಡಗಿನಿಂದ ಇಳಿಸಿದಾಗ ಅದು ಒಂದೂವರೆ ಮೊಳದ ಮರಿ, ಹೆಬ್ಬೆರಳಿನಷ್ಟು ದಪ್ಪ. ಅಲ್ಲಿ ಮೊದಲ ಗಂಟು. ಅಲ್ಲಿಂದ ಎರಡನೆಯದಕ್ಕೆ ದೊಡ್ಡ ನೆಗೆತ, ಮೂರನೆಯದಕ್ಕೂ ಹಾಗೇ. ಆಮೇಲೆ ಗಂಟುಗಳು ಹತ್ತಿರ ಹತ್ತಿರ ಬಂದು, ಕೊನೆಯ ಐದಾರು ಒಂದರ ಮೇಲೊಂದು ಕೂತು ಬಟಾಣಿಯಷ್ಟು ದಪ್ಪ ಉಂಡೆಯಾಗಿದ್ದವು.

“ಇಲ್ಲಿಗೆ ನಿಂತ್ಕಂಡ ನೋಡು,” ಅಂದ ಆ ಉಂಡೆಯನ್ನು ಮುಟ್ಟಿಸಿ. “ನಾನೂ ಯಾನೇನೋ ಮಾಡ್ದೆ. ಕೋಳಿ ಆಕ್ದೆ, ಬಾತು ಆಕ್ದೆ, ಎಗ್ಗಣ ಇಡ್ದು ತಂದೆ. ದಪ್ಪ ಆದ, ಉದ್ದ ಆಗ್ನಿಲ್ಲ. ಗಂಡು ಕಣವ್ವ ಅವನು. ಆ ಜಾತೀಲಿ ಗಂಡು ಇಷ್ಟೇಯ.”

“ಅವರ ದೇಶದ ಕಾಡಲ್ಲೂ ಇಷ್ಟೇನಾ?”

“ಮರಿ ತಂದುಕೊಟ್ಟ ಅಡಗಿನೋನ ಕೇಳಿದ್ದೆ. ಅಲ್ಲಿ ಜವುಗಲ್ಲಿ ಓಡಾಡಿದ್ದೋನು. ಕಾಡಿನ ಗಂಡೂ ಏಳೇ, ಎಲ್ಲೋ ಒಂದು ಎಂಟು. ಅದ ದಾಟಿದ್ದ ಅವನು ಕಂಡಿಲ್ವಂತೆ. ಕಾಡಲ್ಲಿ ಒಂದಿನ ಸಿಕ್ತದ, ಒಂದು ತಿಂಗಳು ಸಿಗಾಕಿಲ್ಲ. ಅದ್ಕೆ ಅವು ನಮ್ಮೋನಂಗೆ ಡೊಳ್ಳು ಬುಟ್ಕಂಡಿರಾಕಿಲ್ಲ, ಅಷ್ಟೇಯ ವೆತ್ಯಾಸ. ಎಣ್ಣು ಮಾತ್ರ ಅನ್ನೊಂದು, ಅನ್ನೆರಡು ಮೊಳ ಬೆಳೀತದ, ನಮ್ಮ ರುಬ್ಬೋ ಗುಂಡಿನಷ್ಟು ದಪ್ಪ. ಒಂದು ಎಣ್ಣಿನ ಸುತ್ತ ಎಂಟತ್ತು ಗಂಡು ಸುತ್ಕಂಡು ಬಿದ್ದಿರ್ತವಂತೆ. ಬಾಕಿ ಇಪ್ಪತ್ತು ಮೊಳ, ಮೂವತ್ತು ಮೊಳ ಅನ್ನೋರೆಲ್ಲ ಬಾಯಲ್ಲಿ ಅಳದೋರು.”

ಇದನ್ನೆಲ್ಲ ಅವನು ಹೆಮ್ಮೆಯಿಂದಲೇ ಹೇಳಿದ. ಹುರಿಯನ್ನು ಸುತ್ತಿ ಚೀಲಕ್ಕೆ ಹಾಕಿದ. ವಿಷಯ ಆಗ ಬಂತು. ಬಂಡಳ್ಳಿಯ ಒಬ್ಬ ಗೌಡರು ತಮ್ಮ ಹುಲ್ಲಿನ ಮೆದೆಯಲ್ಲಿ ಒಂದು ಹೆಬ್ಬಾವು ಹಿಡಿಸಿ ಬಿದಿರಿನ ಗೂಡಿನಲ್ಲಿ ಇಟ್ಟಿದ್ದರಂತೆ. ಅವತ್ತು ಕೊಳ್ಳೇಗಾಲಕ್ಕೆ ಬಂದಿದ್ದವರು ಹಲಗೆ ನೋಡಿ, ತಮ್ಮದೂ ಎಂಟು ಮೊಳ ಇದೆ, ತಂದು ಪಕ್ಕದಲ್ಲಿ ಇಡುತ್ತೇನೆ ಎಂದು ಯಜಮಾನನಿಗೆ ಹೇಳಿ ಹೋಗಿದ್ದರು. ಯಜಮಾನ ತಾತನನ್ನು ಕರೆದು ಹೇಳಿದ್ದ: ಬಂಡಳ್ಳಿಯ ಹಾವು ದೊಡ್ಡದಾದರೆ ಅದನ್ನೇ ಇಟ್ಟುಕೊಳ್ಳುತ್ತೇನೆ. ನಿನ್ನ ಹಾವಿನ ತೊಗಲು ಸುಲಿಸಿ ಡೇರೆಯ ಬಾಗಿಲಿಗೆ ಹೊಡೆಸುತ್ತೇನೆ. ನಿನಗೂ ವಯಸ್ಸಾಯಿತು, ಊರು ಹತ್ತಿರವೇ ಇದೆ, ಹೋಗಿಬಿಡು.

“ಅದಿನೈದು ವರ್ಸ ಕಣವ್ವ,” ಅಂದ ತಾತ. ಕೊಡ ಹೊತ್ತುಕೊಂಡು ಹೋದ.

ನಮ್ಮಲ್ಲಿ ಸೊಸೆ ಮಾವನೆದುರು ನಿಂತು, ನೀವು ಅಳೆದದ್ದು ತಪ್ಪು ಅನ್ನುವ ಹಾಗಿಲ್ಲ. ಅತ್ತೆಗೆ ಹೇಳಿದೆ. ಅತ್ತೆ ಉಣ್ಣಲು ಕೂತ ಮಾವನಿಗೆ, ಯಾರಿಗೂ ಹೇಳದವರ ಹಾಗೆ, ಒಲೆಯ ಕಡೆ ತಿರುಗಿಕೊಂಡು ಹೇಳಿದರು.

“ಆವು ಏಳು ಮೊಳ ನಾಕು ಬೆರಳೇ ಅಂತೆ. ಪೊರೆ ಎಳೀತದಂತೆ.”

“ಯಾರೇಳ್ದೋರು?”

“ಸಾಕ್ದೋನು.”

“ಸೆಳೆತಕ್ಕೆ ಗೇಣು ಬುಟ್ಟಿವ್ನಿ. ನಮ್ಮಪ್ಪನ ಕೋಲು ಇವತ್ತಿನಗಂಟ ಸುಳ್ಳೇಳಿಲ್ಲ,” ಅಂದರು ಮಾವ. ಅಷ್ಟೇ. ಆದರೆ ಮಜ್ಜಿಗೆ ಹಾಕಿಸಿಕೊಳ್ಳದೆ ಎದ್ದರು. ಅಂದಿನಿಂದ ಸಂಜೆ ಹಾವಿನ ತೊಟ್ಟಿಯ ಕಡೆ ಹೋಗಲಿಲ್ಲ. ಒಣಗಿದ ಪೊರೆ ನಮ್ಮ ಹಿತ್ತಲ ಸೂರಿನಲ್ಲೇ ನೇತಾಡುತ್ತಿತ್ತು. ಅದರ ಹತ್ತಿರ ಎರಡು ಸಲ ನಿಂತು ಬಂದದ್ದನ್ನು ನೋಡಿದೆ. ರಾತ್ರಿ ಅವರಿಗೆ ನಿದ್ದೆ ಹತ್ತುತ್ತಿಲ್ಲ ಎಂದು ಅತ್ತೆ ಗೊಣಗಿದರು.

ಸಂತೆಯ ದಿನ ಬಯಲು ತುಂಬಿಹೋಯಿತು. ಹನೂರಿನ ಗಾಡಿಗಳು, ಯಳಂದೂರಿನ ಗಾಡಿಗಳು. ಬಂಡಳ್ಳಿ ಗೌಡರು ವಿಭೂತಿ ಇಟ್ಟುಕೊಂಡು, ಹೊಸ ಪಂಚೆ ಉಟ್ಟು, ಬಿದಿರಿನ ಗೂಡಿನ ಪಕ್ಕದಲ್ಲೇ ಗಾಡಿಯಲ್ಲಿ ಕೂತು ಬಂದರು. ಗೌಡತಿಯೂ ಬಂದಿದ್ದರು. ನಾವು ಬೀದಿಯ ಹೆಂಗಸರು ನಮ್ಮ ಹಿತ್ತಲ ಬೇಲಿಯ ಹತ್ತಿರ ನಿಂತೆವು. ಅಲ್ಲಿಂದ ಎಲ್ಲವೂ ಕಾಣುತ್ತಿತ್ತು, ಕೇಳುತ್ತಿತ್ತು.

ಮೊದಲು ಹೆಬ್ಬಾವು. ನಾಲ್ಕು ಜನ ಸೇರಿ ಗೂಡಿನ ಬಾಗಿಲು ತೆಗೆದರೆ ಅದು ತಿದಿ ಊದಿದ ಹಾಗೆ ಬುಸುಗುಟ್ಟಿತು. ನಾಲ್ವರೂ ಹಿಂದಕ್ಕೆ ಹಾರಿದರು. ತಾತ ಹೋಗಿ, ಅವಸರವಿಲ್ಲದೆ ಒಂದು ಒದ್ದೆ ಗೋಣಿಯನ್ನು ಅದರ ತಲೆಯ ಮೇಲೆ ಹಾಕಿ, ಕತ್ತಿನ ಹಿಂದೆ ಕೈಯಿಟ್ಟ. ಅದು ನಿಧಾನವಾಗಿ ಅವನ ತೋಳಿಗೆ ಸುತ್ತಿಕೊಂಡಿತು. ಡೇರೆಯ ಉದ್ದಕ್ಕೆ ಮಲಗಿಸಿದ್ದ ಹಲಗೆಯ ಅಂಚಿಗೆ ಅದನ್ನು ಬಿಟ್ಟ. ಅದು ಅಂಚು ಹಿಡಿದು ನೆಟ್ಟಗೆ ಹರಿಯಿತು. ಮೂಗಿನ ಹತ್ತಿರ ಒಂದು ಸೀಮೆಸುಣ್ಣದ ಗೆರೆ, ಬಾಲದ ಹತ್ತಿರ ಒಂದು. ಮಾವ ಕೋಲಿಟ್ಟರು.

“ಎಂಟಕ್ಕೆ ನಾಕು ಬೆರಳು ಕಮ್ಮಿ.”

ಬಂಡಳ್ಳಿಯವರು ಕೂಗು ಹಾಕಿದರು. ಆಮೇಲೆ ತಾತ ತನ್ನ ಹಾವನ್ನು ತೊಟ್ಟಿಯಿಂದ ಎತ್ತಿದ. ಕೂಸನ್ನು ನೀರಿನಿಂದ ಎತ್ತುವ ಹಾಗೆ, ಹೊಟ್ಟೆಯ ಕೆಳಗೆ ಎರಡು ಕಡೆ ಕೈ ಕೊಟ್ಟು. ಅದೂ ಹಲಗೆಯ ಅಂಚಿಗೆ ಹರಿಯಿತು. ಸೀಮೆಸುಣ್ಣದ ಗೆರೆ ಬಿತ್ತು. ಮಾವ ಕೋಲಿಟ್ಟು ಹೋಗುವಾಗ ಐದು, ಆರು ಎಂದು ಜನರೂ ಎಣಿಸುತ್ತಿದ್ದರು. ಏಳು ಎಂದ ಮೇಲೆ ಕೋಲಿಡಲು ಜಾಗವಿರಲಿಲ್ಲ. ಮಾವ ಬಗ್ಗಿ ಬೆರಳಿಟ್ಟರು. ನಾಲ್ಕು ಬೆರಳು.

ಜನರ ಗೇಲಿ ಶುರುವಾಯಿತು.

“ಒಂಬತ್ತು ಮೊಳದೋರೇ, ಇನ್ನೆರಡು ಮೊಳ ಎಲ್ಲಿ ಬುಟ್ ಬಂದ್ರಿ?”

“ಯಳಂದೂರ ಗಡಿಲಿ ಕತ್ತರಿಸ್ಕಂಡಿರ್ಬೇಕು ಕಣ್ಲಾ!”

“ಲೇ, ಉಟ್ಟಿರೋ ಪಂಚೇನೂ ಅಳದು ನೋಡ್ಕಳ್ರುಲಾ, ಇದೇ ಕೋಲಲ್ಲಿ ಅಳದಿರಾದು!”

ಕೊನೆಯ ಮಾತಿಗೆ ಎಲ್ಲರೂ ನಕ್ಕರು. ಯಜಮಾನ ನಗಲಿಲ್ಲ. ಗೌಡರ ಕಡೆ ತಿರುಗಿ, “ಗೂಡು ಇಲ್ಲೇ ಇರಲಿ ಗೌಡ್ರೆ,” ಅಂದ. ತಾತ ಹಾವನ್ನು ಹೆಗಲ ಮೇಲೆ ಹಾಕಿಕೊಂಡು ತೊಟ್ಟಿಯ ಪಕ್ಕ ನೆಲದ ಮೇಲೆ ಕೂತ. ಯಾರ ಮುಖವನ್ನೂ ನೋಡಲಿಲ್ಲ.

ಆಗ ಮಾವ ನಮ್ಮ ಬೇಲಿಯ ಕಡೆ ತಿರುಗಿ ನನ್ನನ್ನು ಕರೆದರು. ನಾನು ಆ ಮನೆಗೆ ಬಂದು ಎಂಟು ವರ್ಷ. ಅಷ್ಟು ಜನರ ಮುಂದೆ ಮಾವ ನನ್ನನ್ನು ಕರೆದದ್ದು ಅದೇ ಮೊದಲು.

“ಅಮ್ಮಣ್ಣಿ, ಆ ಪೊರೆ ನೆನಸ್ಕಂಡು ತಕಬಾವ್ವ.”

ಅತ್ತೆ ಬೇಡ ಅನ್ನುತ್ತಾರೋ ಎಂದು ನೋಡಿದೆ. ಅತ್ತೆ, “ಓಗೇ, ಕರೀತಾವ್ರಲ್ಲ,” ಎಂದು ನನ್ನ ಬೆನ್ನು ತಳ್ಳಿದರು. ಪೊರೆಯನ್ನು ಸೂರಿನಿಂದ ಇಳಿಸಿ, ಕೊಡದ ನೀರಲ್ಲಿ ಅದ್ದಿ, ಸೆರಗು ಬಿಗಿದುಕೊಂಡು ಹೋದೆ. ಮಾವ ಅದನ್ನು ಹಲಗೆಯ ಮೇಲೆ ಸಡಿಲವಾಗಿ ಇಟ್ಟರು. ಕೋಲಿಟ್ಟು, “ಎಷ್ಟಾಯ್ತು, ನೀವೇ ಏಳಿ,” ಅಂದರು. ಏಳು, ಏಳೂಕಾಲು ಎಂದರು ಜನ. ನನಗೆ ಬಾಲದ ತುದಿ ಕೊಟ್ಟು, “ಬುಡಬೇಡ,” ಎಂದು ತಾವು ತಲೆಯ ಕಡೆ ಹಿಡಿದು, ಹಾಸು ಬಿಗಿಯುವವರ ಹಾಗೆ ಹಿಂದೆ ಹಿಂದೆ ಹೆಜ್ಜೆ ಇಟ್ಟರು. ಪೊರೆ ನಮ್ಮಿಬ್ಬರ ನಡುವೆ ಬೆಳೆಯಿತು. ಎಂಟಾಯಿತು. ಎಂಟೂವರೆಯಾಯಿತು. ಒಂಬತ್ತು ದಾಟಿ ನಿಂತಿತು. ಹನೂರಿನವರು ಬಾಯಿ ಬಿಟ್ಟುಕೊಂಡು ನೋಡಿದರು.

“ನೋಡುದ್ರಾ,” ಅಂದರು ಮಾವ. ದನಿ ದೊಡ್ಡದಿರಲಿಲ್ಲ, ಆದರೆ ಎಲ್ಲರಿಗೂ ಕೇಳಿಸಿತು. “ಕೋಲು ಸರಿಯಾಗೇ ಅದ. ನನ್ನ ಕೈ ಎಳೀತು. ರೇಷ್ಮೆ ಅಂದ್ಕಂಡು ಎಳ್ದೆ. ಈ ಅಯ್ಯ ನಾನು ಅಳದ ದಿನವೇ ಏಳು ಮೊಳ ನಾಕು ಬೆರಳು ಅಂತ ಏಳಿ ಕಳಿಸಿದ್ದ, ನಾನು ಕೇಳ್ನಿಲ್ಲ. ಸುಳ್ಳು ನನ್ನದು, ಅವನ್ದಲ್ಲ. ಬಯ್ಯೋದಿದ್ರೆ ನನ್ನ ಬಯ್ಯಿರಿ.”

ಯಾರೂ ಬಯ್ಯಲಿಲ್ಲ. ಊರಿಗೆಲ್ಲ ಅಳತೆ ಹೇಳುವವರು ಹಾಗೆ ಒದ್ದೆ ಪೊರೆ ಹಿಡಿದು ನಿಂತರೆ ಯಾರಿಗೆ ತಾನೇ ಬಯ್ಯಲು ಬಾಯಿ ಬರುತ್ತದೆ? ನಾನು ಅವರ ಎದುರಿನ ತುದಿಯಲ್ಲಿದ್ದೆ. ಅವರ ಕೈ ನಡುಗಿದರೆ ಪೊರೆಯ ಮೂಲಕ ನನಗೆ ತಿಳಿಯುತ್ತಿತ್ತು. ನಡುಗಲಿಲ್ಲ.

ಯಜಮಾನ ಮಾತ್ರ, “ಅದೆಲ್ಲ ಸರಿ ಸ್ವಾಮಿ. ಆದ್ರೂ ಬಂಡಳ್ಳಿದೇ ದೊಡ್ಡದು ತಾನೆ?” ಅಂದ.

ಅದಕ್ಕೆ ತಾತ ತಲೆ ಎತ್ತಿದ. “ದೊಡ್ಡದೇಯ ಸಾ. ಅದು ಎಣ್ಣು.”

“ಯಾನಂದೆ?” ಅಂದರು ಗೌಡರು.

ತಾತ ಎದ್ದು ಬಂದು ತನ್ನ ಹಾವಿನ ಹೊಟ್ಟೆಯ ಕೆಳಭಾಗ, ಬಾಲ ಶುರುವಾಗುವ ಜಾಗ ತೋರಿಸಿದ. ಅಲ್ಲಿ ಎರಡು ಕಡೆಯೂ ಕೋಳಿಯ ಕಾಲುಗುರಿನಂಥ ಎರಡು ಕೊಕ್ಕೆ. ಆಮೇಲೆ ಹೆಬ್ಬಾವಿನದನ್ನು ತೋರಿಸಿದ. ಅದರಲ್ಲಿ ಅಕ್ಕಿಯ ನುಚ್ಚಿನಷ್ಟು ಚಿಕ್ಕವು, ಹುಡುಕಿ ನೋಡಬೇಕು.

“ಗಂಡಿಗೆ ದೊಡ್ಡುಗುರು, ಎಣ್ಣಿಗೆ ಚಿಕ್ಕುಗುರು. ಎರಡು ಜಾತೀಲೂ ಎಣ್ಣೇ ದೊಡ್ಡದು ಬೆಳಿಯಾದು. ನಿಮ್ಮ ಎಣ್ಣನ್ನ ತಂದು ನನ್ನ ಗಂಡಿನ ಪಕ್ಕ ಅಳದ್ರೆ ಎಂಗೆ ಗೌಡ್ರೆ? ಗಂಡಿನ ಲೆಕ್ಕದಲ್ಲಿ ಇವನು ಪೂರಾ ಬೆಳದವ್ನೆ. ಕಾಡಲ್ಲಿದ್ರೂ ಇವನು ಸಣ್ಣೋನಲ್ಲ.”

ಜನರಲ್ಲಿ ಗುಸುಗುಸು ಎದ್ದಿತು. ಬೇಲಿಯ ಹತ್ತಿರದಿಂದ ಯಾರೋ ಹೆಂಗಸು ಕೂಗಿದಳು: “ಗೌಡ್ರೆ, ನಿಮ್ಮನೇಲಿ ಯಾರುದ್ದ?”

ಗೌಡತಿ ಗೌಡರಿಗಿಂತ ಒಂದು ಗೇಣು ಎತ್ತರ. ಗಾಡಿಯ ಪಕ್ಕದಲ್ಲಿ ನಿಂತಿದ್ದರು, ಎಲ್ಲರಿಗೂ ಕಾಣುತ್ತಿತ್ತು. ಗೌಡರು ಒಮ್ಮೆ ಹೆಂಡತಿಯ ಕಡೆ ನೋಡಿ, ಒಮ್ಮೆ ಜನರ ಕಡೆ ನೋಡಿ, “ಇದರಲ್ಲಿ ಯಾನ ಮುಚ್ಚುಮರೆ? ಅವಳೇಯ,” ಅಂದರು. ಗೌಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಆ ನಗು ಬಯಲಿನ ತುದಿಯವರೆಗೂ ಹೋಯಿತು.

ನಗು ಇಳಿದ ಮೇಲೆ ಯಜಮಾನ ಮತ್ತೆ ಗೂಡಿನ ಮಾತೆತ್ತಿದ. ಗೌಡರು ಕೈ ಅಡ್ಡ ಹಿಡಿದರು.

“ಇಲ್ಲ ಕಣ್ರಿ. ನಾಕು ಜನ ನನ್ನಾಳುಗಳೇ ಇಡಿಯಾಕೆ ಎದರ್ಕಂಡ್ರು. ಈ ಅಯ್ಯ ಒಬ್ಬ ಮುಟ್ಟುದ್ದೇಟ್ಗೆ ಅದು ಕೊಟ್ಟಿಗೆ ಅಸು ಆದಂಗಾಯ್ತು. ಇವನ ಕಳ್ಸಿ ಅದ ಇಟ್ಕಂಡ್ರೆ ನಾಳಿಕೆ ನಿಮ್ಮನ್ನೇ ನುಂಗ್ತದ, ಆ ಪಾಪ ನನಗ್ಯಾಕೆ? ನಾನು ಕೊಡಾಕಿಲ್ಲ. ನಿಮಗೆ ಬೇಕಾದಷ್ಟು ಚೆಂದದ್ದು ನಿಮ್ಮತ್ರಾನೇ ಅದಲ್ಲ.” ತಾತನ ಕಡೆ ತಿರುಗಿ, “ಇದ ಯಾನ ಮಾಡ್ಲಪ್ಪ ಈಗ?” ಅಂದರು.

“ರಾಮಾಪುರ ದಾಟಿ ಕಾಡಂಚಲ್ಲಿ, ನೀರಿರೋ ಅಳ್ಳದತ್ರ ಬುಟ್ಬುಡಿ ಬುದ್ದಿ. ಒಸಿ ಇಲಿ ಎಗ್ಗಣ ತಿಂದ್ಕಂಡು ಇರ್ತದ.”

ಅಷ್ಟರಲ್ಲಿ ಯಳಂದೂರಿನ ಕಡೆಯವರು ಆ ಉಗುರು ಹತ್ತಿರದಿಂದ ನೋಡಬೇಕೆಂದು ತೊಟ್ಟಿಯ ಮುಂದೆ ಸಾಲು ನಿಂತಿದ್ದರು. ಅವರ ಹಿಂದೆ ಹನೂರಿನವರು. ಸಾಲು ಡೇರೆಯ ಹೊರಗೆ ಬಂದು ನಮ್ಮ ಬೇಲಿ ಮುಟ್ಟಿತು. ಯಜಮಾನ ಸ್ವಲ್ಪ ಹೊತ್ತು ಆ ಸಾಲನ್ನೇ ನೋಡುತ್ತಿದ್ದ. ಆಮೇಲೆ ಬಣ್ಣದವನನ್ನು ಕರೆದು ಹಲಗೆ ಅಳಿಸಲು ಹೇಳಿದ. ಏನು ಬರೆಯಬೇಕೆಂದು ತಾತನನ್ನು ಕೇಳಿದ. ತಾತ ಮಾವನ ಕಡೆ ಕೈ ತೋರಿಸಿದ. ಮಾವ ಹೇಳಿ ಬರೆಸಿದರು: ‘ಹಡಗಿನ ಹಾವು. ಗಂಡು. ಪೂರ್ತಿ ಬೆಳೆದದ್ದು. ಏಳು ಮೊಳ ನಾಲ್ಕು ಬೆರಳು.’ ಹಲಗೆಯಲ್ಲಿ ಜಾಗ ಸಾಲದೆ ಕೊನೆಯ ಮಾತು ಅಂಚಿಗೆ ಹೋಗಿ ಸಣ್ಣದಾಯಿತು.

ಸಾಲು ಕರಗಿದಾಗ ದೀಪ ಹಚ್ಚುವ ಹೊತ್ತು. ಯಜಮಾನನೇ ಬಂದು, ನಾಳೆಯ ಕೋಳಿಗೆ ಯಾರನ್ನು ಕಳಿಸಲಿ ಎಂದು ತಾತನನ್ನು ಕೇಳಿ ಹೋದದ್ದನ್ನು ನಾನು ನೀರು ಸೇದುತ್ತಾ ಕೇಳಿಸಿಕೊಂಡೆ. ಇನ್ನು ಅವನನ್ನು ಕಳಿಸುವ ಮಾತಿಲ್ಲ ಎಂದು ತಿಳಿಯಿತು. ತಾತ ಎರಡು ಕೊಡ ಹೊತ್ತು ಹೋಗಿ ತೊಟ್ಟಿಯ ನೀರು ಬದಲಾಯಿಸಿ ಬಂದ. ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು, “ಕೈ ತೊಳ್ಕಂಡು ಬಾ, ಇವತ್ತು ಇಲ್ಲೇ ಉಣ್ಣು,” ಅಂದರು. ಬಾವಿಯ ಹಗ್ಗದ ಹತ್ತಿರ ಅವನು ತಡೆದು ನಿಂತಾಗ, “ಸೇದ್ಕಳ್ಳಪ್ಪ, ನೀರೇನು ಸವೆಯಾಕಿಲ್ಲ,” ಎಂದು ಒಳಗೆ ಹೋದರು.

ಅವತ್ತು ರಾಗಿ ಮುದ್ದೆ, ಹಸಿ ಅವರೆಕಾಳಿನ ಉಪ್ಸಾರು, ಮೆಣಸಿನಕಾಯಿ ಖಾರ. ಅತ್ತೆ ಬೆಣ್ಣೆ ಕಾಯಿಸಿದ್ದರಿಂದ ಮುದ್ದೆಗೆ ಒಂದೊಂದು ಚಮಚ ತುಪ್ಪ. ತಾತ ಎರಡು ಮುದ್ದೆ ಉಂಡ. ಮಾವನೂ ಎರಡು ಉಂಡರು. ನಾಲ್ಕು ದಿನದಿಂದ ಅರ್ಧಕ್ಕೇ ಏಳುತ್ತಿದ್ದವರು. ಮಜ್ಜಿಗೆ ಕೇಳಿ ಹಾಕಿಸಿಕೊಂಡರು. ಉಂಡ ಮೇಲೆ ಗಂಡಸರು ಜಗಲಿಗೆ ಹೋದರು. ನಾನು ತಟ್ಟೆ ತೊಳೆದು, ಒಲೆ ಸಾರಿಸಿ, ಎಲೆ ಅಡಿಕೆ ತೆಗೆದುಕೊಂಡು ಹೋಗುವಷ್ಟರಲ್ಲಿ ತಾತ ಇನ್ನೂ ಹಡಗಿನಿಂದ ಮರಿ ಇಳಿಸಿದ ದಿನದ ಕತೆ ಹೇಳುತ್ತಿದ್ದ, ನಮ್ಮ ಮನೆಯವರು ಹೂಂಗುಟ್ಟುತ್ತಿದ್ದರು. ಮಾವ ಗೋಡೆಗೆ ತಲೆ ಆನಿಸಿಕೊಂಡು, ಬಾಯಿ ಸ್ವಲ್ಪ ತೆರೆದು, ಎಲ್ಲರಿಗಿಂತ ಮೊದಲು ನಿದ್ದೆ ಹೋಗಿದ್ದರು.